ವರದರಾಜರ ಡ್ರಮ್ಮಿನಲ್ಲಿ ಎಣ್ಣೆ ಏರಿದ್ದು

ಚಾಮರಾಜಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರದ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ವರದರಾಜರು ತೊಂಬತ್ತೇಳರ ಯುಗಾದಿಯ ದಿನ, ಬೇವುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ, ಹೆಂಡತಿಯ ಮುಂದೆ ಒಂದು ಭೀಷ್ಮಪ್ರತಿಜ್ಞೆ ಮಾಡಿದರು. ಇನ್ನು ಮೇಲೆ ತಮ್ಮ ಅಂಗಡಿಯಲ್ಲಿ ಯಂತ್ರದಿಂದ ಬಿಚ್ಚಿದ ಶಟಲ್ಲಾಗಲಿ, ಬಾಬಿನ್ ಕೇಸಾಗಲಿ, ತಟ್ಟೆಗೆ ಪೆಟ್ರೋಲ್ ಸುರಿದು ತೊಳೆಯುವ ಅನಾಗರಿಕ ಪದ್ಧತಿ ಇರುವುದಿಲ್ಲ. ಎಲ್ಲಕ್ಕೂ ಬಿಡಿಭಾಗ ತೊಳೆಯುವ ಮಷೀನಿನಲ್ಲೇ ಅಭ್ಯಂಜನ. ಆ ಮಷೀನನ್ನು ತುಂಬಿಸುವವರೂ ತಾವೇ, ನೋಡಿಕೊಳ್ಳುವವರೂ ತಾವೇ. ಬೇರೆಯವರ ಬೆರಳು ಅದಕ್ಕೆ ಸೋಕಕೂಡದು.

ತ್ಯಾಗರಾಜನಗರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಆಗಿದ್ದ ಸುಂದರಮ್ಮ ಬೇಡವೆನ್ನಲಿಲ್ಲ. ಹಿಂದಿನ ವರ್ಷ ಪೆಟ್ರೋಲ್ ತಟ್ಟೆಗೆ ಕಿಡಿ ಹಾರಿ ಗಂಡನ ಎಡಹುಬ್ಬು ಪೂರ್ತಿ ಸುಟ್ಟುಹೋಗಿತ್ತು. ಎರಡು ತಿಂಗಳು ದಿನಾ ಬೆಳಿಗ್ಗೆ ಕಣ್ಣುಕಪ್ಪಿನಲ್ಲಿ ಹುಬ್ಬು ಬರೆದು ಅವರನ್ನು ಅಂಗಡಿಗೆ ಕಳಿಸಿದ್ದು ಆಕೆಯೇ.

ಮಷೀನು ಸಿಕ್ಕಿದ್ದು ಮುಚ್ಚಿಹೋದ ಒಂದು ಗಾರ್ಮೆಂಟ್ ಫ್ಯಾಕ್ಟರಿಯ ಹರಾಜಿನಲ್ಲಿ. ಕೆಳಗೆ ಡ್ರಮ್ಮು, ಅದರ ಮೇಲೆ ಮುಚ್ಚಳವಿದ್ದ ಕಬ್ಬಿಣದ ತೊಟ್ಟಿ. ಡ್ರಮ್ಮಿನೊಳಗಿನ ಪಂಪು ಎಣ್ಣೆಯನ್ನು ಮೇಲೆತ್ತಿ ಒಂದು ಬ್ರಷ್ಷಿನ ತುದಿಯಿಂದ ಸುರಿಸುತ್ತದೆ. ಬಿಡಿಭಾಗಗಳನ್ನು ತೊಳೆದ ಎಣ್ಣೆ ಜಾಲರಿಯ ಮೂಲಕ ಮತ್ತೆ ಡ್ರಮ್ಮಿಗೆ ಇಳಿಯುತ್ತದೆ. ಕೊಳೆ ತಳದಲ್ಲಿ ಕೂರುತ್ತದೆಂದು ಪಂಪಿನ ಬಾಯಿಯನ್ನು ತಳದಿಂದ ನಾಲ್ಕು ಬೆರಳು ಮೇಲಿಟ್ಟಿದ್ದರು. ಯಾರು ಕಂಡುಹಿಡಿದರೋ ಏನೋ, ಅವರ ತಲೆಗೆ ಕೈ ಮುಗಿಯಬೇಕು ಎಂದು ವರದರಾಜರು ಅದರ ಸುತ್ತ ಮೂರು ಸಲ ಸುತ್ತಿದರು. ನೋಡಿದವರು ಪ್ರದಕ್ಷಿಣೆ ಎಂದುಕೊಂಡರು.

ಪಕ್ಕದ ಬಣ್ಣದಂಗಡಿಯ ಶೀನಣ್ಣನಿಂದ ಟರ್ಪೆಂಟೈನ್ ಎಣ್ಣೆ ತರಿಸಿ, ಒಂದು ತೊಟ್ಟೂ ಚೆಲ್ಲದಂತೆ ಕೆಂಪು ಗೆರೆಯವರೆಗೆ ತುಂಬಿಸಿದರು. ದಿನಾ ಬೆಳಿಗ್ಗೆ ಮರದ ಅಡಿಪಟ್ಟಿ ಇಳಿಬಿಟ್ಟು ಎಣ್ಣೆಯ ಮಟ್ಟವನ್ನು ಕ್ಯಾಲೆಂಡರಿನ ಮೇಲೆ ಬರೆಯುವ ಪದ್ಧತಿಯೂ ಶುರುವಾಯಿತು.

ಮೊದಲ ವಾರದಲ್ಲೇ ಮಟ್ಟ ಅರ್ಧ ಇಂಚು ಇಳಿಯಿತು. ವರದರಾಜರಿಗೆ ನಿದ್ದೆ ಹಾರಿಹೋಯಿತು. ಡ್ರಮ್ಮಿನ ಅಡಿ ಕಾಗದ ಹಾಸಿ ನೋಡಿದರು, ಸೋರುತ್ತಿಲ್ಲ. ಬಾಗಿಲಿಗೆ ಎರಡನೇ ಬೀಗ ಹಾಕಿದರು, ಆದರೂ ಇಳಿಯಿತು. ಹಾಲಿನ ಬೂತಿನಲ್ಲಿ ಸಿಕ್ಕಿದವರ ಮುಂದೆಲ್ಲ, ನಮ್ಮನೇಲಿ ದಿನಾ ಎಣ್ಣೆ ಖಾಲಿಯಾಗ್ತಿದೆ, ಯಾರ ಹೊಟ್ಟೆಗೆ ಹೋಗ್ತಿದೆಯೋ ಗೊತ್ತಾಗ್ತಿಲ್ಲ ಎಂದು ತೋಡಿಕೊಂಡರು. ಅಂದು ಸಂಜೆ ನೆರೆಮನೆಯ ಇಬ್ಬರು ಹೆಂಗಸರು ಸುಂದರಮ್ಮನ ಕೈ ಹಿಡಿದು ಸಮಾಧಾನ ಹೇಳಿ, ಕುಡಿತ ಬಿಡಿಸುವ ಡಾಕ್ಟರೊಬ್ಬರ ವಿಳಾಸ ಕೊಟ್ಟುಹೋದರು.

ಕೊನೆಗೆ ಗುಟ್ಟು ಬಿಡಿಸಿದವನು ಶೀನಣ್ಣ. ಬಂದವರಿಗೆಲ್ಲ ತೋರಿಸಲೆಂದು ಮುಚ್ಚಳ ತೆಗೆದಿಟ್ಟರೆ ಈ ಬಿಸಿಲಿಗೆ ಎಣ್ಣೆ ಆವಿಯಾಗದೆ ಇನ್ನೇನಾಗುತ್ತದೆ, ಮುಚ್ಚಿ ತಂಪಾಗಿಡಿ ಎಂದ. ತಂಪು ಎಂಬ ಶಬ್ದ ವರದರಾಜರ ತಲೆಯೊಳಗೆ ಬೆಳಕು ಹಚ್ಚಿತು. ಮಣ್ಣಿನ ಹೂಜಿಗೆ ಒದ್ದೆಬಟ್ಟೆ ಸುತ್ತಿದರೆ ನೀರು ತಣ್ಣಗಿರುವುದಿಲ್ಲವೇ? ಅವರು ಮುಚ್ಚಳ ಹಾಕಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಎರಡು ಚೊಂಬು, ಸಂಜೆ ಎರಡು ಚೊಂಬು ನೀರು ಸುರಿಯತೊಡಗಿದರು.

ಮಟ್ಟ ಇಳಿಯುವುದು ನಿಂತಿತು. ಅಷ್ಟೇ ಆಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮೂರನೆಯ ದಿನದಿಂದ ಮಟ್ಟ ಏರತೊಡಗಿತು.

ವರದರಾಜರು ಕಣ್ಣುಜ್ಜಿಕೊಂಡು ಮತ್ತೆ ಅಳೆದರು. ಅಡಿಪಟ್ಟಿ ಬದಲಾಯಿಸಿದರು. ಸಂದೇಹವಿಲ್ಲ, ಏರುತ್ತಿದೆ. ತಂಪಿಗೆ ಹಿಗ್ಗುತ್ತಿರಬಹುದೇ? ಗಾಳಿಯಲ್ಲಿದ್ದ ಹಳೆಯ ಆವಿ ತವರಿಗೆ ಮರಳುತ್ತಿರಬಹುದೇ? ಸುಂದರಮ್ಮನನ್ನು ಕೇಳಿದರೆ ಆಕೆ ಪರೀಕ್ಷೆಯ ಪೇಪರುಗಳಿಂದ ತಲೆಯೆತ್ತದೆ, ತಂಪಿಗೆ ಯಾವ ಎಣ್ಣೆಯೂ ಹಿಗ್ಗುವುದಿಲ್ಲ, ಡ್ರಮ್ಮು ಬಿಚ್ಚಿ ನೋಡಿ ಎಂದರು. ಶಾಲೆಯ ವಿಜ್ಞಾನ ಬೇರೆ, ಅಂಗಡಿಯ ವಿಜ್ಞಾನ ಬೇರೆ ಎಂದು ವರದರಾಜರು ತಳ್ಳಿಹಾಕಿದರು. ಅಂಗಡಿಗೆ ಬಂದವರಿಗೆಲ್ಲ ಗೋಣಿಚೀಲದ ಮಹಿಮೆ ಹೇಳಿದರು. ಮಾವಳ್ಳಿಯ ಟೈಲರ್ ವೀರಭದ್ರಯ್ಯನವರು ತಮ್ಮ ಯಂತ್ರವನ್ನು ಸರ್ವಿಸಿಗೆ ತಂದಾಗಲಂತೂ ಅರ್ಧ ಗಂಟೆ ನಿಲ್ಲಿಸಿಕೊಂಡು ಕ್ಯಾಲೆಂಡರಿನ ಅಂಕಿಗಳನ್ನೇ ಓದಿ ತೋರಿಸಿದರು. ವೀರಭದ್ರಯ್ಯನವರು ಬಾಯಿ ಬಿಟ್ಟುಕೊಂಡು ಕೇಳಿದರು. ಹೊರಡುವಾಗ ಮಾತ್ರ, ಇರುವುದು ಇದೊಂದೇ ಯಂತ್ರ, ಒಂದೇ ಮದುವೆ ಮನೆಯ ಹನ್ನೊಂದು ರವಿಕೆ ಒಪ್ಪಿಕೊಂಡಿದ್ದೇನೆ, ಸೋಮವಾರ ಸಂಜೆ ತಪ್ಪಬಾರದು ಎಂದು ಎರಡು ಸಲ ಹೇಳಿದರು.

ಶನಿವಾರ ವರದರಾಜರು ಆ ಯಂತ್ರವನ್ನು ಬಿಚ್ಚಿ, ಒಂದೊಂದೇ ಭಾಗವನ್ನು ತೊಟ್ಟಿಯಲ್ಲಿ ತೊಳೆದರು. ಅಂದು ಬ್ರಷ್ಷಿನಿಂದ ಎಣ್ಣೆ ಹಾಲಿನಂತೆ ಬೆಳ್ಳಗೆ ಬಂತು. ತಂಪಿನಲ್ಲಿದ್ದು ಶುದ್ಧವಾಗಿದೆ ಎಂದು ಅವರು ಇನ್ನಷ್ಟು ಹಿಗ್ಗಿದರು. ಎಲ್ಲವನ್ನೂ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಹರವಿ, ಭಾನುವಾರ ನೆಂಟರ ಮನೆಯಲ್ಲಿ ಉಂಡು ಮಲಗಿದರು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಪತ್ರಿಕೆಯ ಮೇಲೆ ಅರಿಸಿನ ಕುಂಕುಮ ಚೆಲ್ಲಿದಂತಿತ್ತು. ಶಟಲ್ಲಿಗೆ ತುಕ್ಕು, ಸೂಜಿ ಹಿಡಿಯುವ ಕಂಬಿಗೆ ತುಕ್ಕು, ಬಟ್ಟೆ ಎಳೆಯುವ ಹಲ್ಲಿಗಂತೂ ಬಣ್ಣ ಬಳಿದಂತೆ ತುಕ್ಕು. ವರದರಾಜರಿಗೆ ಹನ್ನೊಂದು ರವಿಕೆಗಳು ತೋಳು ಚಾಚಿ ತಮ್ಮ ಕುತ್ತಿಗೆಗೆ ಬರುತ್ತಿರುವಂತೆ ಕಂಡಿತು. ಬೇರೆಯವರ ಬೆರಳು ಸೋಕಕೂಡದೆಂಬ ಪ್ರತಿಜ್ಞೆಯನ್ನು ತಾವೇ ಮುರಿದು, ಶಾಲೆಗೆ ಹೊರಟಿದ್ದ ಹೆಂಡತಿಯನ್ನು ಕೂಗಿದರು.

ಸುಂದರಮ್ಮ ಒಂದು ಭಾಗವನ್ನು ಎತ್ತಿ ನೋಡಿದರು. ಒಳಗೆ ಹೋಗಿ ಖಾಲಿ ಉಪ್ಪಿನಕಾಯಿ ಬಾಟಲಿ ತಂದರು. ಬ್ರಷ್ಷಿನಿಂದ ಬಂದ ಬಿಳಿ ಎಣ್ಣೆಯನ್ನು ಅದರಲ್ಲಿ ಹಿಡಿದು ಮೇಜಿನ ಮೇಲಿಟ್ಟರು. ಶಾಲೆಗೆ ಫೋನು ಮಾಡಿ ಒಂದು ದಿನದ ರಜೆ ಹೇಳಿದರು. ಅವರು ಫೋನು ಇಡುವ ಹೊತ್ತಿಗೆ ಬಾಟಲಿಯಲ್ಲಿ ಎರಡು ಪದರ ಬೇರೆಯಾಗತೊಡಗಿದ್ದವು. ಮೇಲೆ ತೆಳ್ಳಗೆ ಎಣ್ಣೆ. ಕೆಳಗೆ ಮುಕ್ಕಾಲು ಪಾಲು ನೀರು.

"ಇದನ್ನ ಏಳನೇ ಕ್ಲಾಸಲ್ಲಿ ಹೇಳ್ಕೊಡ್ತೀನಿ ರೀ," ಎಂದರು ಸುಂದರಮ್ಮ. "ನೀರು ತಳದಲ್ಲಿ ಕೂತ್ಕೊಂಡು ಎಣ್ಣೇನ ಮೇಲಕ್ಕೆ ತಳ್ತಾ ಬಂದಿದೆ. ಪಂಪಿನ ಬಾಯಿಗೆ ಮುಟ್ಟೋವರೆಗೂ ನಿಮಗೆ ಗೊತ್ತಾಗ್ಲಿಲ್ಲ."

"ನೀರು ಎಲ್ಲಿಂದ ಬಂತು?" ವರದರಾಜರ ಕುತೂಹಲ ಆ ಸಂಕಟದಲ್ಲೂ ಬತ್ತಿರಲಿಲ್ಲ.

ಸುಂದರಮ್ಮ ಗೋಣಿಚೀಲದತ್ತ ನೋಡಿದರು. ಅದರ ಮೇಲೆ ಒಂದು ಚೊಂಬು ನೀರು ಸುರಿದು, ಗಂಡನ ಕೈಗೆ ಟಾರ್ಚು ಕೊಟ್ಟು, ತೊಟ್ಟಿಯ ಮುಚ್ಚಳವನ್ನು ಗೇಣುದ್ದ ಎತ್ತಿ ಹಿಡಿದರು. ಹಿಂದಿನ ಮಾಲೀಕರು ದೀಪ ಕೂರಿಸಲು ಮುಚ್ಚಳಕ್ಕೆ ಎರಡು ತೂತು ಕೊರೆದಿದ್ದರು. ಅವೆರಡರಿಂದ ತೊಟ್ ತೊಟ್ ಎಂದು ಹನಿಗಳು ತೊಟ್ಟಿಗೆ ಬೀಳುತ್ತಿದ್ದವು.

ಅಂದು ಗಂಡಹೆಂಡತಿ ಇಬ್ಬರೂ ಊಟ ಮರೆತು ದುಡಿದರು. ಡ್ರಮ್ಮಿನ ತಳದ ನಲ್ಲಿ ತಿರುಗಿಸಿ, ಎಣ್ಣೆ ಕಾಣಿಸುವವರೆಗೆ ನೀರನ್ನೂ ಕೊಳೆಯನ್ನೂ ಹಳೆಯ ಕ್ಯಾನುಗಳಿಗೆ ಇಳಿಸಿದರು. ಅದನ್ನು ಚರಂಡಿಗೆ ಚೆಲ್ಲಹೊರಟ ಗಂಡನನ್ನು ಸುಂದರಮ್ಮ ತಡೆದು, ಹಳೇ ಎಂಜಿನ್ ಆಯಿಲ್ ಕೊಳ್ಳುವವನಿಗೆಂದು ಮೂಲೆಗಿಡಿಸಿದರು. ಡ್ರಮ್ಮು ಒರೆಸಿ, ಎಣ್ಣೆ ಸೋಸಿ ತುಂಬಿಸಿ, ತೂತುಗಳಿಗೆ ಬೋಲ್ಟು ಬಿಗಿದರು. ವರದರಾಜರು ಉಜ್ಜುಕಾಗದ ಹಿಡಿದು ಒಂದೊಂದು ಹಲ್ಲನ್ನೂ ತಿಕ್ಕಿದರು. ಐದೂವರೆಗೆ ಯಂತ್ರ ಜೋಡಿಸಿ ಚಕ್ರ ತಿರುಗಿಸಿದಾಗ ಸೂಜಿ ಸರಾಗವಾಗಿ ಓಡಿತು. ಬಟ್ಟೆಯ ತುಂಡಿನ ಮೇಲೆ ಬಿದ್ದ ನೇರವಾದ ಹೊಲಿಗೆ ಕಂಡು ವರದರಾಜರ ಕಣ್ಣಲ್ಲಿ ನೀರೇ ಬಂತು.

ಆರು ಗಂಟೆಗೆ ವೀರಭದ್ರಯ್ಯನವರು ಬಂದರು. ಮುಚ್ಚಿಡುವುದು ವರದರಾಜರಿಗೆ ಆಗಲಿಲ್ಲ. ಚೀಲ, ತೂತು, ನೀರು, ತುಕ್ಕು, ಉಜ್ಜಿದ್ದು ಎಲ್ಲವನ್ನೂ ಒಪ್ಪಿಕೊಂಡು, ಬೈಗುಳಕ್ಕೆ ತಲೆ ತಗ್ಗಿಸಿ ನಿಂತರು.

ವೀರಭದ್ರಯ್ಯನವರು ಬೈಯಲಿಲ್ಲ. ಯಂತ್ರವನ್ನು ಎರಡು ಸುತ್ತು ತಿರುಗಿಸಿ ನೋಡಿ ತೃಪ್ತರಾದರು. ಆಮೇಲೆ ಏನೋ ಯೋಚಿಸುತ್ತ ಹೊರಗೆ ಹೋಗಿ, ಸ್ಕೂಟರಿನಿಂದ ಸೀಮೆಎಣ್ಣೆಯ ಒಂದು ಡಬ್ಬ ಇಳಿಸಿ ತಂದರು. ಅದಕ್ಕೆ ಒದ್ದೆ ಗೋಣಿ ಸುತ್ತಿತ್ತು.

"ನೀವು ಹೇಳಿದ್ರಲ್ಲ ಅಂತ ನಾನೂ ಸುತ್ತಿದ್ದೆ," ಎಂದರು. "ಬಿರಡೆ ಒಂಚೂರು ಸಡಿಲ. ನಿನ್ನೆಯಿಂದ ನಮ್ಮನೇಲಿ ಸ್ಟವ್ ಹತ್ತುತ್ತಿಲ್ಲ."

ವರದರಾಜರು ನಾಚಿಕೆಯಿಂದ ಎರಡೂ ಕೈ ಮುಂದೆ ಚಾಚಿದರು. ವೀರಭದ್ರಯ್ಯನವರು ಡಬ್ಬವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ನೀವು ಬಿಡಿ ಸಾರ್," ಎಂದರು. "ಮೇಡಂ ಇಲ್ವಾ?"

ವರದರಾಜರು ಮೇಡಂಗೆ ಕುರ್ಚಿ ಹಾಕಿ, ಒಳಗೆ ಹೋಗಿ ಕರೆದುಕೊಂಡು ಬಂದರು.