ಹರಿಹರದ ವರನಿಗೆ ಇಸ್ಪೀಟು ಪರೀಕ್ಷೆ

ತಂಗಿ ಗಿರಿಜೆಗೆ ಹರಿಹರದಿಂದ ಸಂಬಂಧ ಬಂದಿತ್ತು. ಹುಡುಗ ಬಸಣ್ಣನದು ಪಾತ್ರೆ ಅಂಗಡಿ. ಅವನು ನೋಡಲು ಬಂದ ದಿನ ಗಿರಿಜೆ, ಎಂದೂ ಇಲ್ಲದವಳು, ಎರಡು ಸಲ ನಕ್ಕಿದ್ದಳು. ಹುಡುಗನಿಗೆ ಚಟಗಳಿವೆಯೇ ಎಂದು ವಿಚಾರಿಸುವುದೊಂದೇ ಬಾಕಿ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿಯುವ, ನಾಲ್ಕನೇ ಕ್ಲಾಸು ಓದಿದ ನಾನು ಆ ಗುರುತರ ಜವಾಬ್ದಾರಿಯನ್ನು ಹೊತ್ತೆ. ಯಾರೂ ಹೊರಿಸಿರಲಿಲ್ಲ!

ಬೇರೆಯವರಾದರೆ ಓಣಿಯಲ್ಲಿ ನಾಲ್ಕು ಜನರನ್ನು ಕೇಳುತ್ತಾರೆ. ನನಗೆ ಅದು ಸಾಲದು. ಜೂಜುಕೋರನನ್ನು ಹಿಡಿಯಲು ಜೂಜು ಗೊತ್ತಿರಬೇಕಲ್ಲ! ಗಿರಣಿಯ ಗೆಳೆಯ ರುದ್ರಣ್ಣ ಊಟದ ಬಿಡುವಿನಲ್ಲಿ ಪಾಠ ಶುರು ಮಾಡಿದ.

"ಇದು ಇಪ್ಪತ್ತೊಂದರ ಆಟ. ರಾಜ, ರಾಣಿ, ಗುಲಾಮ ಎಲ್ಲಾ ಹತ್ತತ್ತು. ಎಕ್ಕ ಒಂದಾದ್ರೂ ಆತು, ಹನ್ನೊಂದಾದ್ರೂ ಆತು. ಮೊದ್ಲು ಎರಡು ಎಲೆ. ಸಾಲಲಿಲ್ಲ ಅಂದ್ರೆ ಇನ್ನೊಂದು ಕೇಳು. ಇಪ್ಪತ್ತೊಂದು ದಾಟಿತೋ, ಸತ್ತೆ."

"ಹದಿನೆಂಟು ಬಂದ್ರೆ?"

"ಸುಮ್ಕೆ ಕೂಡು."

"ಹೆಂಗಪ್ಪಾ ಸುಮ್ಕೆ ಕೂಡೋದು? ಇನ್ನೂ ಮೂರು ಬಾಕಿ ಐತೆ!"

ರುದ್ರಣ್ಣ ಹಣೆ ಒತ್ತಿಕೊಂಡ.

ಗಿರಣಿಯ ರಜೆಯ ದಿನ ಜೇಬಿನಲ್ಲಿ ಇಸ್ಪೀಟಿಟ್ಟುಕೊಂಡು ರೈಲು ಹತ್ತಿದೆ. ಬಸಣ್ಣ ಅಂಗಡಿಯಲ್ಲಿ ಒಬ್ಬನೇ ಇದ್ದ. ಕೂರಿಸಿ ಚಹಾ ತರಿಸಿದ. ನಾನು ಎಕ್ಕ ತೆಗೆದು ತೋರಿಸಿದೆ.

"ಇದು ಏನಂತ ಗೊತ್ತೇನ್ರಿ?"

"ಇಲ್ರಿ. ನಮ್ಮನೇಲಿ ಇವನ್ನ ಮುಟ್ಟಂಗಿಲ್ಲ. ಅಪ್ಪಾರು ಭಾಳ ಬಿಗಿ."

ನನ್ನ ಜಾಗದಲ್ಲಿ ಬುದ್ಧಿವಂತನಿದ್ದರೆ ಅಲ್ಲೇ ಎದ್ದು ಬರುತ್ತಿದ್ದ. ನನಗೆ ಅನುಮಾನ ಹೆಚ್ಚಾಯಿತು. ಪಳಗಿದವನು ಹೀಗೇ ಅಲ್ಲವೇ ಹೇಳುವುದು? ಆಟದ ನಿಯಮ ತಿಳಿಸಿ, ಕೈಚಳಕ ಬಯಲಾಗಲೆಂದು ಎಲೆ ಹಂಚಲು ಅವನಿಗೇ ಕೊಟ್ಟೆ. ಪಾಪ, ಹುಡುಗಿಯ ಅಣ್ಣನ ಮಾತು ಮೀರಲಾರದೆ ಕೂತ. ಅರ್ಧ ಎಲೆ ನೆಲಕ್ಕೆ ಬೀಳಿಸಿದ. ಏನು ನಟನೆ ಎಂದುಕೊಂಡೆ!

ಪಣಕ್ಕೆ ಅಂಗಡಿಯ ಚಮಚಗಳು, ತಲೆಗೆ ಒಂದು ಡಜನ್. ನಾನು ಕೇಳುತ್ತಾ ಹೋದೆ, ಸಾಯುತ್ತಾ ಹೋದೆ. ಒಮ್ಮೆ ರಾಜ, ರಾಣಿ ಜೋಡಿಯಾಗಿ ಬಂದರು.

"ಇಪ್ಪತ್ತಾತಲ್ರಿ, ಸಾಕಲ್ಲ?" ಎಂದ ಬಸಣ್ಣ ಮೆಲ್ಲಗೆ.

"ನನಗೇ ಹೇಳಿಕೊಡ್ತೀರೇನ್ರಿ? ಹಾಕ್ರಿ ಇನ್ನೊಂದು!"

ಒಂಬತ್ತು ಬಂತು. ಚಮಚ ಮುಗಿದವು. ಬಂದ ಕೆಲಸ ಮರೆತೇ ಹೋಗಿತ್ತು. ಕೋಟು ಬಿಚ್ಚಿ ನಡುವೆ ಒಗೆದು, "ಇದನ್ನ ಗೆಲ್ರಿ ನೋಡಾಣ! ಇವತ್ತು ಬಿಡಂಗಿಲ್ಲ ನಿಮ್ಮನ್ನ!" ಎಂದು ಕೂಗಿದೆ.

ಬಸಣ್ಣ ಧಡಕ್ಕನೆ ಎದ್ದು ನಿಂತ. ಬಾಗಿಲಲ್ಲಿ ಅವನ ಅಪ್ಪ ನಿಂತಿದ್ದರು.

"ಕೋಟು ಹಾಕ್ಕೊಳ್ರಿ" ಎಂದರು. ಅಷ್ಟೇ.

ವಾರದೊಳಗೆ, ಸಂಬಂಧ ತಂದಿದ್ದ ಸೋದರಮಾವ ಬಂದು ಜಗಲಿಯ ಮೇಲೆ ಕುಸಿದು ಕೂತ.

"ಹುಡುಗಿ ಅವರಿಗೆ ಒಪ್ಪಿಗೆ ಆಗ್ಯಾಳಂತೆ. ಆದ್ರೆ ಅಣ್ಣಗೆ ಇಸ್ಪೀಟಿನ ಹುಚ್ಚಂತೆ, ಅಂಥ ಮನೆ ಬ್ಯಾಡ ಅಂದ್ರು."

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.

"ಅಣ್ಣಾ, ನೀ ನೋಡಾಕೆ ಹೋಗಿದ್ಯಲ್ಲ, ಅವರಿಗೆ ಚಟ ಐತೇನು?"

"ಇಲ್ಲವ್ವ. ಚಿನ್ನದಂಥ ಹುಡುಗ."

ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಆ ಏಟುಗಳು ನನಗೆ ಬೀಳಬೇಕಾದವು ಎಂದು ಇವತ್ತಿಗೂ ಒಪ್ಪಿಕೊಳ್ಳುತ್ತೇನೆ.

ಹರಿಹರದವರಿಗೆ ನಮ್ಮ ಮನೆತನ ವಿಚಾರಿಸಲು ಯಾರನ್ನೂ ಕಳಿಸುವ ತೊಂದರೆ ಬರಲಿಲ್ಲ. ನಾನೇ ಟಿಕೆಟ್ಟು ತೆಗೆಸಿಕೊಂಡು ಹೋಗಿ ಎಲ್ಲಾ ತಿಳಿಸಿ ಬಂದಿದ್ದೆ!