ಉಕ್ಕಿನ ಮೊಣಕಾಲಿಗೊಂದು ತಗ್ಗು

ಅಕ್ಕಿಆಲೂರು
೧೨ ಫೆಬ್ರವರಿ ೧೯೮೮

ಕೃತಕ ಮೊಣಕಾಲು ತಯಾರಿಸುವ ಪರದೇಶದ ಕಂಪನಿಯ ಮುಖ್ಯ ವಿನ್ಯಾಸಕಾರರಿಗೆ,

ಮಾನ್ಯರೇ,

ಸಮುದ್ರದಾಚೆ ಕುರ್ಚಿಯಲ್ಲಿ ಕುಳಿತು ಸಮಸ್ತ ಮಾನವಕುಲದ ಕೀಲುಗಳ ಚಿಂತೆ ಮಾಡುತ್ತಿರುವ ತಮಗೆ ಹಾನಗಲ್ಲ ತಾಲೂಕಿನ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ಈ ನಮಸ್ಕಾರ ನನ್ನೊಬ್ಬನದು. ತಮ್ಮ ಕೃಪೆಯಿಂದ ನನ್ನ ತಾಯಿಯವರಿಗೆ ಅಷ್ಟು ಬಾಗಲು ಬರುವುದಿಲ್ಲ.

ಐದು ವರ್ಷದ ಹಿಂದೆ ಮುಂಬಯಿಯಲ್ಲಿ ತಾಯಿ ಕೃಷ್ಣಾಬಾಯಿಯವರ ಬಲಗಾಲಿಗೆ ತಮ್ಮ ಮೊಣಕಾಲನ್ನು ಕೂಡಿಸಿದರು. ನೋವು ಹೋಯಿತು, ಅದಕ್ಕೆ ನಾವು ಋಣಿಗಳು. ಆದರೆ ತೊಂಬತ್ತು ಡಿಗ್ರಿ ಬಾಗಿದೊಡನೆ ತಮ್ಮ ಕೀಲು ಕಚೇರಿಯ ಗುಮಾಸ್ತನಂತೆ ಕೈಯೆತ್ತಿಬಿಡುತ್ತದೆ. ನಿಂತರೆ ಕಂಬ, ನಡೆದರೆ ಜಂಬ, ಕೂಡೆಂದರೆ ಮಾತ್ರ ಬರೀ ವಿಳಂಬ. ನಮ್ಮಲ್ಲಿ ಊಟವೆಂದರೆ ನೆಲ, ಮಣೆ, ಎಲೆ. ನಾನು ಮೇಜು-ಕುರ್ಚಿ ತಂದೆ. "ಕುರ್ಚಿ ಮ್ಯಾಲೆ ಕೂತು ಉಂಡ್ರ ಅದು ಊಟ ಅಲ್ಲೋ ಜಯಾ, ಹೊಟೇಲು" ಎಂದು ತಾಯಿಯವರು ಎರಡು ದಿನ ಉಪವಾಸ ಕೂತರು, ಅರ್ಥಾತ್ ಉಪವಾಸ ನಿಂತರು.

ಮೊಣಕಾಲು ಬಾಗದಿದ್ದರೆ ನೆಲವೇ ಬಾಗಲಿ ಎಂದು ಮೂರನೆಯ ದಿನ ಅವರ ಮಣೆಯ ಮುಂದೆ ಒಂದೂವರೆ ಅಡಿ ಆಳದ ತಗ್ಗು ತೋಡಿಸಿದೆ. ಅಂದಿನಿಂದ ಅವರು ಅದರೊಳಗೆ ಕಾಲು ಇಳಿಬಿಟ್ಟು, ಆಚೆ ದಂಡೆಗೆ ಎಲೆ ಹಾಕಿಸಿಕೊಂಡು ಪಂಕ್ತಿಯಲ್ಲೇ ಉಣ್ಣುತ್ತಾರೆ. ಇದುವರೆಗೆ ತಗ್ಗಿಗೆ ಬಿದ್ದವರು ಬಡಿಸುವವರಿಬ್ಬರು, ಸಾರಿನ ಪಾತ್ರೆ ಒಂದು.

ಈಚೆಗೆ ನಡೆದರೆ ಕೀಲು ಟಕಟಕ ಎನ್ನುತ್ತಿದೆ. ಚಕ್ಕಡಿ ಮಾಡುವ ಬಡಿಗೇರ ಶಿದ್ಲಿಂಗಪ್ಪ, ತಾಯಿಯವರು ಮಡಿಯಲ್ಲಿದ್ದುದರಿಂದ ಅಂಗಳದಲ್ಲೇ ನಿಂತು, ಗೋಡೆಯ ನೇರ ನೋಡುವ ಗುಂಡು-ದಾರವನ್ನು ಎತ್ತಿಹಿಡಿದು, ಒಂದು ಕಣ್ಣು ಮುಚ್ಚಿ, "ಅಚ್ಚು ಓರೆ ಕುಂತೈತ್ರಿ. ಓರೆ ಇದ್ರ ಒಂದ ಮಗ್ಗಲ ಸವೀತೈತಿ" ಎಂದ. ಮುಂಬಯಿಯ ಡಾಕ್ಟರರು ನಾಲ್ಕು ಎಕ್ಸರೇ ತೆಗೆದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು: ಲೋಹಗಳ ನಡುವಿನ ಪ್ಲಾಸ್ಟಿಕ್ಕು ಒಳಮಗ್ಗುಲಲ್ಲಿ ಸವೆದಿದೆ, ಹೊಸದು ಹಾಕಬೇಕು. "ಮತ್ತ ಅದನ್ನ ಹಾಕೋದಾದ್ರ ಬ್ಯಾಡ. ಕೂಡೋ ಕಾಲು ಮಾಡ್ಯಾರಂದ್ರ ಹೇಳು, ಬರ್ತೇನಿ" ಎಂಬುದು ತಾಯಿಯವರ ತೀರ್ಪು.

ಬರುವ ವೈಶಾಖದಲ್ಲಿ ತಿಳವಳ್ಳಿಯಲ್ಲಿ ನನ್ನ ತಂಗಿಯ ಮಗಳು ಮನೋರಮಾಳ ಮದುವೆ. ಪಂಕ್ತಿಯಲ್ಲಿ ಕೂಡಲಾಗದಿದ್ದರೆ ಮೊಮ್ಮಗಳ ಮದುವೆಗೂ ಹೋಗುವುದಿಲ್ಲವೆಂದು ತಾಯಿಯವರು ಹಟ ಹಿಡಿದಿದ್ದಾರೆ. ತಂಗಿಯ ಗಂಡನೋ, "ನೆಲಕ್ಕ ಹೊಸಾ ಫರಸಿ ಕಲ್ಲು ಹಾಕ್ಸೇವಿ, ತಗ್ಗು-ಗಿಗ್ಗು ನಡಿಯೂದಿಲ್ಲ" ಎಂದು ಹೇಳಿ ಕಳುಹಿಸಿದ್ದಾರೆ. ಆದ್ದರಿಂದ ಮದುವೆಯೊಳಗೆ ಚಕ್ಕಳಬಕ್ಕಳ ಹಾಕುವ ಮೊಣಕಾಲೊಂದನ್ನು ದಯಪಾಲಿಸಬೇಕು. ಅದು ತಮ್ಮ ವಿಜ್ಞಾನಕ್ಕೆ ಮೀರಿದ್ದಾದರೆ, ಮಡಚಿ ಚೀಲದಲ್ಲಿ ಒಯ್ಯಬಹುದಾದ ತಗ್ಗೊಂದನ್ನಾದರೂ ಮೊಣಕಾಲಿನ ಪೆಟ್ಟಿಗೆಯೊಳಗೆ ಇಟ್ಟು ಕಳುಹಿಸಬೇಕು. ಇನ್ನು ಕೂಡಿಸುವಾಗ ನೇರ ನೋಡಲು ಶಿದ್ಲಿಂಗಪ್ಪನನ್ನು ಕರೆಸಿಕೊಳ್ಳಿ. ಪಾಸ್‌ಪೋರ್ಟು ಇಲ್ಲ, ಕಣ್ಣು ನೆಟ್ಟಗಿದೆ.

ನೆಲ ಬಿಟ್ಟೇಳದ ತಮ್ಮ ವಿಶ್ವಾಸಿ,
ಜಯತೀರ್ಥ ಹುಲಗೂರ, ಬಿ.ಎ. (ಕನ್ನಡ ಮಾಧ್ಯಮ)

ತಾ.ಕ.: ಈ ಕಾಗದ ಅಂಚೆಗೆ ಬೀಳುವ ಮೊದಲೇ ತಾಯಿಯವರು ತಿಳವಳ್ಳಿಗೆ ಹೋಗಿ, ಊಟದ ಹೊತ್ತಿಗೆ ಹೊಸ ಫರಸಿಯ ನಡುವೆ ನಿಂತರು, ನಿಂತೇ ಇದ್ದರು. ಹಿರಿಯರು ನಿಂತಿರುವಾಗ ಉಳಿದವರು ಎಲೆಯ ಮುಂದೆ ಕೂಡುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಫರಸಿ ಎದ್ದಿತು, ತಗ್ಗು ಬಿದ್ದಿತು. ತಾವೂ ಮದುವೆಗೆ ಬರಲೇಬೇಕೆಂದು ಅವರ ಅಪ್ಪಣೆ, ಅಕ್ಷತೆ ಲಕೋಟೆಯಲ್ಲಿದೆ. ತಗ್ಗು ಮಾತ್ರ ಒಂದೇ, ಅದು ಅವರದು. ತಮ್ಮದು ಪಕ್ಕದ ಮಣೆ. ಊಟ ಎರಡು ತಾಸಿನದು. ಹಿರಿಯರು ಏಳುವವರೆಗೆ ಯಾರೂ ಏಳುವಂತಿಲ್ಲ.