ಮೌನಿಯ ಮನೆಯ ಮೀನುತೊಟ್ಟಿ

ಮೀನುತೊಟ್ಟಿಯಿಂದ ನೊರೆ ಉಕ್ಕಿ, ಗಾಜಿನ ಅಂಚು ದಾಟಿ ನೆಲಕ್ಕಿಳಿಯುವವರೆಗೂ ಸಾಹೇಬರು ತಮ್ಮ ಕೈಕೆಲಸವನ್ನು ತಾವೇ ಮೆಚ್ಚಿಕೊಂಡು ನಿಂತಿದ್ದರು.

ಸಾಹೇಬರೆಂದರೆ ಬಣ್ಣದ ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ. ಚೆಲ್ಲಬೇಡಿ, ಸೋರಬಿಡಬೇಡಿ, ಗೊತ್ತಿಲ್ಲದ್ದನ್ನು ಮುಟ್ಟಬೇಡಿ ಎಂದು ಲೋಕಕ್ಕೆಲ್ಲ ಉಪದೇಶಿಸಿ ಸಂಬಳ ಪಡೆಯುವವರು. ಅಂದು ಬೆಳಿಗ್ಗೆ ಅಕ್ಕನ ಮನೆಗೆ ಹೊರಟ ಹೆಂಡತಿ, "ರೀ, ಮೀನಿಗೆ ತಿನ್ನೋಕೆ ಹಾಕಿದ್ರೆ ಸಾಕು. ಬೇರೆ ಯಾವ ಉಪಕಾರನೂ ಮಾಡ್ಬೇಡಿ" ಎಂದಿದ್ದಳು. ಆ ಮಾತು ಚುಚ್ಚಿತ್ತು. ಅವಳು ಬರುವಷ್ಟರಲ್ಲಿ ಗಾಜಿನ ಒಳಮೈಯ ಪಾಚಿಯನ್ನೆಲ್ಲ ತೆಗೆದು ತೊಟ್ಟಿಯನ್ನು ಫಳಫಳ ಹೊಳೆಯಿಸಿಯೇ ಬಿಡುವುದೆಂದು ಪಣ ತೊಟ್ಟರು. ಕೈಗೆ ಸಿಕ್ಕಿದ್ದು ಸಿಂಕಿನ ಪಕ್ಕದ ಸ್ಪಂಜು. ಅದು ಹೊಟ್ಟೆತುಂಬ ಪಾತ್ರೆ ತೊಳೆಯುವ ಸೋಪು ಕುಡಿದು ಕೂತಿತ್ತೆಂಬುದು ಹೊಳೆದದ್ದು, ಗಾಳಿಯ ಪಂಪು ತೊಟ್ಟಿಯನ್ನು ಹಾಲಿನಂತೆ ಉಕ್ಕಿಸಿದ ಮೇಲೆ.

ಹೆಂಡತಿ ವರ್ಷಗಟ್ಟಲೆ ಒಂದೊಂದೇ ಗಿಡ ನೆಟ್ಟು ಬೆಳೆಸಿದ ನೀರೊಳಗಿನ ತೋಟ ಅದು. ಗಿಡಗಳ ಸಂದಿಯಲ್ಲಿ ಆಡಿಕೊಂಡಿದ್ದ ಪುಟ್ಟ ಮೀನುಗಳೆಲ್ಲ ಈಗ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮೀನಮೇಷ ಎಣಿಸುವ ಹೊತ್ತಲ್ಲ. ತಡಮಾಡಿದರೆ ಎಣಿಸಲು ಮೀನೂ ಉಳಿಯುವುದಿಲ್ಲ. ಇದಕ್ಕೆ ಉಪಾಯ ಬಲ್ಲವಳು ಹೆಂಡತಿ. ಅವಳಿಗೆ ನಿಜ ಹೇಳುವ ಧೈರ್ಯ ಮಾತ್ರ ಸಾಹೇಬರಿಗೆ ಇರಲಿಲ್ಲ.

ಫೋನ್ ಮಾಡಿದರು. "ಏನಿಲ್ಲ, ನಮ್ಮ ಸ್ಟೋರಿನ ಮೌನಿ ಇದ್ದಾನಲ್ಲ, ಅವನ ಮನೆ ಮೀನುತೊಟ್ಟಿಗೆ ಸೋಪು ಬಿದ್ದಿದೆಯಂತೆ. ಏನ್ಮಾಡೋದು ಅಂತ ಕೇಳ್ತಿದ್ದಾನೆ."

ಯಾರು ಏನೆಂದರೂ ತಿರುಗಿ ಮಾತಾಡದ ಸ್ಟೋರ್ ಕೀಪರಿಗೆ ಕಾರ್ಖಾನೆಯವರು ಇಟ್ಟ ಹೆಸರು ಮೌನಿ. ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಜಾಮೀನು ಎಲ್ಲಿ ಸಿಗಬೇಕು?

"ಸೋಪಾ? ಹೆಂಗೆ ಬಿತ್ತು?"

"ಪಾತ್ರೆ ಸ್ಪಂಜಲ್ಲಿ ಗಾಜು ಉಜ್ಜಿದನಂತೆ."

"ಅವರ ತಲೇಲಿ ಏನಿದೆ ರೀ?"

"ಏನೂ ಇದ್ದ ಹಾಗಿಲ್ಲ," ಎಂದರು ಸಾಹೇಬರು ತಗ್ಗಿದ ದನಿಯಲ್ಲಿ.

"ಚಿಕ್ಕ ಮಕ್ಕಳೂ ಹಾಗೆ ಮಾಡಲ್ಲ. ಮಾಡ್ತಾರಾ, ನೀವೇ ಹೇಳಿ?"

"ಮಾಡಲ್ಲ."

"ಮೊದಲು ಮೀನನ್ನ ಬೇರೆ ನೀರಿಗೆ ಬಿಡೋಕೆ ಹೇಳಿ. ನಲ್ಲಿ ನೀರು ಬೇಡ. ನಾನು ಬಾಲ್ಕನಿ ಡ್ರಮ್ಮಲ್ಲಿ ಹಿಡಿದಿಡ್ತೀನಲ್ಲ, ಅಂಥದ್ದು. ಪಾತ್ರೇಲಿ ಸೋಪಿನ ಸೋಂಕು ಇರಬಾರದು. ತೊಟ್ಟಿ ನೀರು ಅರ್ಧ ತೆಗೆದು ಹೊಸದು ಹಾಕ್ತಾ ಇರಬೇಕು, ನೊರೆ ನಿಲ್ಲೋವರೆಗೂ. ಆಮೇಲೆ ಫಿಲ್ಟರಿಗೆ ಇದ್ದಿಲು. ಅಕ್ವೇರಿಯಂ ಅಂಗಡೀಲಿ ಸಿಗುತ್ತೆ. ಪಾಪ, ಯಾರ ಕೈಗೆ ಸಿಕ್ಕಿದಾವೋ ಆ ಮೀನು."

ಸೋಪಿನ ತಪ್ಪಿನಿಂದ ಅಷ್ಟು ಸಲೀಸಾಗಿ ಕೈ ತೊಳೆದುಕೊಂಡದ್ದಕ್ಕೆ ಸಾಹೇಬರಿಗೇ ಆಶ್ಚರ್ಯ. ಆದರೆ ಸೋಪು ಕಾಣದ ಪಾತ್ರೆ ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಕೊನೆಗೆ ಕಾರ್ಖಾನೆಯಲ್ಲಿ ಬಹುಮಾನವಾಗಿ ಬಂದು, ಪೆಟ್ಟಿಗೆಯಿಂದ ಹೊರಗೇ ಬಂದಿರದ ಹೆಲ್ಮೆಟ್ ನೆನಪಾಯಿತು. ಅದನ್ನು ಅಂಗಾತ ಮಲಗಿಸಿ, ಡ್ರಮ್ಮಿನ ನೀರು ತುಂಬಿ, ಮೀನುಗಳನ್ನು ಬಿಟ್ಟು, ಗಾಳಿಯ ಕೊಳವೆಯನ್ನೂ ಅದಕ್ಕೇ ಇಳಿಬಿಟ್ಟರು. ಸಾಹೇಬರ ವೃತ್ತಿಜೀವನದಲ್ಲಿ ಹೆಲ್ಮೆಟ್ಟೊಂದು ಜೀವ ಉಳಿಸಿದ್ದನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

ಸಂಜೆ ಬಾಗಿಲು ತೆರೆದುಕೊಂಡಾಗ ಅವರು ಪ್ಯಾಂಟು ಮಡಚಿ, ಮಂಡಿಯೂರಿ, ಮತ್ತೊಂದು ಬಕೆಟ್ ನೀರು ತೆಗೆಯುತ್ತಿದ್ದರು. ಹೆಂಡತಿ ಒಳಗೆ ಬಂದಳು. ಹಿಂದೆಯೇ, ಕೈಯಲ್ಲೊಂದು ಪೊಟ್ಟಣ ಹಿಡಿದು, ಮೌನಿ.

"ಕೆಳಗೆ ಸಿಕ್ಕಿದ್ರು ರೀ ಇವರು. ಮನಸ್ಸು ತಡೀಲಿಲ್ಲ, ಮಧ್ಯಾಹ್ನ ಇವರಿಗೇ ಫೋನ್ ಮಾಡಿ ಚೆನ್ನಾಗಿ ಬೈದು, ಇದ್ದಿಲು ಹಾಕೋಕೂ ಹೇಳಿದ್ದೆ. ಎಲ್ಲಾ ಕೇಳಿಸ್ಕೊಂಡು 'ಆಗ್ಲಿ ಅಕ್ಕ' ಅಂದ್ರು. ಈಗ ನೋಡಿದ್ರೆ ಇದ್ದಿಲು ಹಿಡ್ಕೊಂಡು ಇಲ್ಲಿಗೆ..."

ಅವಳ ಕಣ್ಣು ನೊರೆಯ ಮೇಲೆ, ಹೆಲ್ಮೆಟ್ಟಿನ ಮೇಲೆ, ಕಡೆಗೆ ಗಂಡನ ಒದ್ದೆ ಮಂಡಿಗಳ ಮೇಲೆ ಇಳಿಯಿತು. ಜಾಗವಿದ್ದಿದ್ದರೆ ಸಾಹೇಬರೂ ಆ ಹೆಲ್ಮೆಟ್ಟಿನೊಳಗೆ ಮುಳುಗಿಬಿಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಪೊಟ್ಟಣ ತೆಗೆದುಕೊಂಡು ಇದ್ದಿಲು ತೊಳೆದು ಫಿಲ್ಟರಿಗೆ ತುಂಬಿದಳು. ಹೆಲ್ಮೆಟ್ಟಿಗೆ ಬಗ್ಗಿ ನೋಡಿದಳು. ಎಲ್ಲವೂ ಈಜುತ್ತಿದ್ದವು.

ಆಮೇಲೆ ಮೌನಿಯ ಕಡೆ ತಿರುಗಿದಳು. "ನಿಮ್ಮನೇಲಿ ಮೀನುತೊಟ್ಟಿನೇ ಇಲ್ಲ, ಅಲ್ವಾ? ಅಷ್ಟು ಬೈದೆನಲ್ಲ, ಒಂದು ಮಾತು ಹೇಳ್ಬಾರದಿತ್ತಾ?"

ಮೌನಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಯಾವ ಸಿಟ್ಟೂ ಇಲ್ಲದೆ ಹೇಳಿದ:

"ಹೇಳೋಣ ಅಂತಲೇ ಇದ್ದೆ ಅಕ್ಕ. ಆದ್ರೆ ಫ್ಯಾಕ್ಟರೀಲಿ ಸಾಹೇಬ್ರು ಚೆಲ್ಲಿದ್ದೆಲ್ಲಾ ನನ್ನ ಹೆಸರಲ್ಲೇ ಇರುತ್ತೆ. ಈಗ ಮನೇದೂ ಶುರುವಾಯ್ತೇನೋ ಅಂದ್ಕೊಂಡು ಸುಮ್ಮನಾದೆ."